ಪಕ್ಕದ ಸೀಟಿನ ಭಾರ

ಆಸ್ಟಿನ್
ಸೆಪ್ಟೆಂಬರ್ 8, 2024

ಮಾವನವರಿಗೆ ನಿವೇದಿತಾ ಮಾಡುವ ನಮಸ್ಕಾರಗಳು.

ಕವರಿನ ಮೇಲೆ ನನ್ನ ಹೆಸರು ನೋಡಿ ಆಶ್ಚರ್ಯವಾಗಿರಬೇಕು. ನಾನು, ಅಮರ್ ಬೇರೆಯಾಗಿ ಎರಡು ವರ್ಷವಾಯಿತು. ಆಮೇಲೆ ನಿಮಗೆ ನಾಲ್ಕು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಮಗನನ್ನು ಬಿಟ್ಟವಳ ಫೋನ್ ಯಾಕೆ ಎತ್ತಬೇಕು ಎಂದಿರಬಹುದು. ಮಕ್ಕಳಿದ್ದಿದ್ದರೆ ಮೊಮ್ಮಗುವಿನ ನೆಪವಾದರೂ ಇರುತ್ತಿತ್ತು, ನಮಗೆ ಅದೂ ಇಲ್ಲ. ನಿಮ್ಮ ನನ್ನ ನಡುವೆ ಇನ್ನೇನೂ ಉಳಿದಿಲ್ಲ ಎಂದು ನಿಮಗನಿಸಿದರೆ ಈ ಕಾಗದವನ್ನು ಇಲ್ಲಿಗೇ ನಿಲ್ಲಿಸಿ ಹರಿದುಹಾಕಿ. ನನಗೆ ಬೇಜಾರಾಗುತ್ತದೆ, ಆದರೆ ಅರ್ಥವೂ ಆಗುತ್ತದೆ.

ಓದುತ್ತಿದ್ದೀರಿ ಎಂದುಕೊಂಡು ಮುಂದುವರಿಸುತ್ತೇನೆ. ನನಗೆ ಒಂದು ಕಾರು ಬೇಕು. ಆಫೀಸಿಗೆ ಹೋಗುವ ಕಾರಲ್ಲ. ಕೆಸರು, ಕಲ್ಲು, ಮರದ ಬೇರು ಇರುವ ಗುಡ್ಡವನ್ನು ಎಲ್ಲೂ ನಿಲ್ಲದೆ ಹತ್ತಬೇಕಾದ ಕಾರು. ಕೊಡಗಿನ ತಿಮ್ಮಯ್ಯ ಅಂಕಲ್ ಎಂಬವರು ಇಲ್ಲಿ ಒಂದು ಸಣ್ಣ ಕ್ಲಬ್ ನಡೆಸುತ್ತಾರೆ. ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾಗ ಅವರಿಗೆ ಹಿಡಿದ ಹುಚ್ಚು ಇದು. ಕ್ಲಾಸಿಕ್ ಟ್ರಯಲ್ ಎನ್ನುತ್ತಾರೆ. ರೇಸ್ ಅಲ್ಲ, ವೇಗಕ್ಕೆ ಬೆಲೆಯೇ ಇಲ್ಲ. ಹಳೆಯ ಮಾದರಿಯ ಗಾಡಿಯಲ್ಲಿ ಇಬ್ಬರು ಕೂರಬೇಕು. ಒಬ್ಬರು ಓಡಿಸಬೇಕು, ಪಕ್ಕದಲ್ಲಿರುವವರು ಚಕ್ರ ಜಾರಿದಾಗ ಸೀಟಿನ ಮೇಲೆ ಕುಪ್ಪಳಿಸಬೇಕು! ನಾನು ತಮಾಷೆ ಮಾಡುತ್ತಿಲ್ಲ. ಆ ಕುಪ್ಪಳಿಕೆಯಿಂದ ಹಿಂದಿನ ಚಕ್ರ ನೆಲ ಕಚ್ಚುತ್ತದೆ. ಹೋದ ಸಲ ನಾನು ಧ್ವಜ ಹಿಡಿದು ನಿಲ್ಲುವ ಕೆಲಸಕ್ಕೆ ಹೋಗಿದ್ದೆ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಕುಪ್ಪಳಿಸಿ ಕುಪ್ಪಳಿಸಿ ಗಂಡನನ್ನು ಗುಡ್ಡ ಹತ್ತಿಸಿದರು. ಮನೆಗೆ ಬಂದಮೇಲೆ ನನಗೆ ಬೇರೆ ಯೋಚನೆಯೇ ಬರುತ್ತಿಲ್ಲ.

ಅಪರೂಪದ ಹಳೆಯ ಕಾರು ಕೊಳ್ಳುವ ತಾಕತ್ತು ನನಗಿಲ್ಲ. ಅದಕ್ಕೇ ಕಿಟ್ ಕಾರು. ಚೌಕಟ್ಟು, ಮೈ ಬಿಡಿಬಿಡಿಯಾಗಿ ಬರುತ್ತದೆ, ಎಂಜಿನ್ನನ್ನು ಯಾವುದೋ ಹಳೆಯ ಕಾರಿನಿಂದ ತೆಗೆದು ಕೂರಿಸಿ ನಾವೇ ಜೋಡಿಸಿಕೊಳ್ಳಬೇಕು. ಮೂರು ಥರ ಕಣ್ಣಿಗೆ ಬಿದ್ದಿವೆ. ಒಂದು, ಬೀಟಲ್ ಎಂಬ ಹಳೆಯ ಕಾರಿನ ತಳದ ಮೇಲೆ ಕೂರುವಂಥದ್ದು, ಎಂಜಿನ್ ಹಿಂದೆ. ಇನ್ನೊಂದು ಉದ್ದ ಮೂಗಿನ ತೆರೆದ ಕಾರು, ಎಂಜಿನ್ ಮುಂದೆ. ಮತ್ತೊಂದಕ್ಕೆ ಮೂರೇ ಚಕ್ರ, ನೋಡಿದರೆ ನಗು ಬರುತ್ತದೆ, ಆದರೆ ನಿಯಮದಲ್ಲಿ ಅವಕಾಶವಿದೆ.

ಹ್ಯೂಸ್ಟನ್ನಿನ ನಿಮ್ಮ ಮನೆಯ ಗ್ಯಾರೇಜಿನಲ್ಲಿ ನಿಮ್ಮ ಜೊತೆ ಪಂಪು ಬಿಚ್ಚಿ ಜೋಡಿಸಿದ ಶನಿವಾರಗಳು ನನಗೆ ನೆನಪಿಗೆ ಬರುತ್ತಲೇ ಇರುತ್ತವೆ. ಇದನ್ನು ಇನ್ಯಾರನ್ನು ಕೇಳಲಿ? ಯಾವುದನ್ನು ಆರಿಸಲಿ, ಹೇಳಿ.

ಅತ್ತೆಯವರಿಗೂ ನನ್ನ ನಮಸ್ಕಾರ, ಹೇಳಬಹುದು ಎನಿಸಿದರೆ.

ನಿವೇದಿತಾ


ಹ್ಯೂಸ್ಟನ್
ಸೆಪ್ಟೆಂಬರ್ 19, 2024

ಚಿ. ನಿವೇದಿತಾಳಿಗೆ ಆಶೀರ್ವಾದಗಳು.

ಹರಿಯಲಿಲ್ಲ. ಮೂರು ಸಲ ಓದಿದೆ. ಎರಡು ಸಲ ಕಾರಿಗಾಗಿ.

ಮೊದಲು ಫೋನಿನ ವಿಷಯ. ನೀವಿಬ್ಬರೂ ಬೇರೆಯಾದ ವಾರ ಅಮರ್ ಇಲ್ಲಿ ಬಂದು ಕೂತಿದ್ದ. “ಅಪ್ಪಾ, ಇನ್ನ ಆಕಿಗೆ ಫೋನ್ ಮಾಡಬ್ಯಾಡ್ರಿ, ಆಕಿ ಮಾಡಿದ್ರೂ ಎತ್ತಬ್ಯಾಡ್ರಿ” ಅಂದ. ಅವನ ಮುಖ ನೋಡಲಾಗದೆ ನಾನು ಹೂಂ ಅಂದೆ. ನಾಲ್ಕು ಸಲವೂ ಫೋನ್ ನನ್ನ ಕೈಯಲ್ಲೇ ಇತ್ತು, ನಿಲ್ಲುವವರೆಗೆ ಅದನ್ನೇ ನೋಡುತ್ತ ಕೂತಿದ್ದೆ. ಕಾಗದದ ಬಗ್ಗೆ ಅವನು ಏನೂ ಹೇಳಿರಲಿಲ್ಲ. ನಾನೂ ಏನೂ ಒಪ್ಪಿರಲಿಲ್ಲ. ಇದು ವಕೀಲರ ಜಾಣತನ ಎಂದು ನನಗೂ ಗೊತ್ತು.

ಇನ್ನು ಕಾರು. ಯಾವುದು ಚೆಂದ ಎಂದು ನೋಡಬೇಡ, ಯಾವುದು ಎಲ್ಲಿ ಭಾರ ಎಂದು ನೋಡು. ಗುಡ್ಡ ಹತ್ತುವಾಗ ತಳ್ಳುವುದು ಹಿಂದಿನ ಚಕ್ರ. ಅದರ ಮೇಲೆ ಭಾರ ಇಲ್ಲದಿದ್ದರೆ ಎಷ್ಟೇ ದೊಡ್ಡ ಎಂಜಿನ್ ಇದ್ದರೂ ಮಣ್ಣು ಕೆದರುವುದಷ್ಟೇ ಕೆಲಸ. ಮೂವತ್ತು ವರ್ಷ ಇಲ್ಲಿನ ತೈಲ ಕಂಪನಿಗಳ ಬೀದಿ ಎನರ್ಜಿ ಕಾರಿಡಾರ್‌ನ ಆಫೀಸಿನಲ್ಲಿ ಕೂತು ಪಂಪು, ಕಂಪ್ರೆಸರುಗಳ ಭಾರ ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಿದವನು ನಾನು. ಈ ಮಾತು ನಂಬು.

ಪ್ರತಿ ಚಕ್ರದ ಕೆಳಗೂ ಮನೆಯಲ್ಲಿ ತೂಕ ನೋಡಿಕೊಳ್ಳುತ್ತೀವಲ್ಲ, ಆ ತಕ್ಕಡಿ ಒಂದೊಂದು ಇಡು. ನೇರವಾಗಿ ಇಡಬೇಡ, ಒಡೆದೀತು. ಒಂದು ಹಲಗೆಯ ಒಂದು ತುದಿ ತಕ್ಕಡಿಯ ಮೇಲೆ, ಇನ್ನೊಂದು ತುದಿ ಇಟ್ಟಿಗೆಯ ಮೇಲೆ. ಚಕ್ರ ಸರಿಯಾಗಿ ನಡುವೆ ಬರಲಿ. ತಕ್ಕಡಿ ಅರ್ಧ ತೋರಿಸುತ್ತದೆ, ನೀನು ಎರಡರಿಂದ ಗುಣಿಸು. ಸೀಟಿನಲ್ಲಿ ಇಬ್ಬರನ್ನು ಕೂರಿಸಿ ಇನ್ನೊಮ್ಮೆ ನೋಡು.

ನನಗೂ ಕೆಲವು ಪ್ರಶ್ನೆ ಇವೆ. ಟೈರಿನ ಗಾಳಿ ಎಷ್ಟು ಇಳಿಸಬಹುದು? ಸೀಟು ಹಿಂದಿನ ಅಚ್ಚಿಗೆ ಎಷ್ಟು ಹತ್ತಿರ? ಪಕ್ಕದವರು ಕುಪ್ಪಳಿಸುವಾಗ ಬೆಲ್ಟ್ ಕಟ್ಟಿರುತ್ತಾರೋ? ಆ ಅಜ್ಜಿಯ ತೂಕ ಎಷ್ಟಿದ್ದೀತು?

ನಿನ್ನ ಅತ್ತೆ ಸುಮಿತ್ರವ್ವ ಬಾಗಿಲಲ್ಲಿ ನಿಂತು “ಯಾರಿಗ್ರಿ ಅಷ್ಟುದ್ದ ಕಾಗದಾ?” ಅಂದಳು. ಹೇಳಿದೆ. ಒಳಗೆ ಹೋದಳು. ಆಮೇಲೆ ಚಹಾ ತಂದಿಟ್ಟಳು, ಸಕ್ಕರೆ ಹಾಕಿರಲಿಲ್ಲ.

ಸಿದ್ಧಾರೂಢ


ಆಸ್ಟಿನ್
ಅಕ್ಟೋಬರ್ 14, 2024

ಮಾವನವರಿಗೆ ನಮಸ್ಕಾರಗಳು.

ಒಂದು ತಕ್ಕಡಿ ಒಡೆಯಿತು. ನೀವು ಹೇಳಿದ್ದನ್ನು ಸರಿಯಾಗಿ ಓದಿದ್ದೆ, ಆದರೆ ಹಲಗೆ ಒಯ್ಯುವುದನ್ನು ಮರೆತಿದ್ದೆ. ಒಂದು ಚಕ್ರ ತಾನೇ, ತಡೆಯುತ್ತದೆ ಎಂದುಕೊಂಡು ಕಾರನ್ನು ಜ್ಯಾಕ್‌ನಿಂದ ಇಳಿಸಿದೆ, ಗಾಜು ಚಟ್ಟೆಂದಿತು. ಮಾರುವವರು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಆ ಕಾರನ್ನು ಕೊಂಡು ಪ್ರಾಯಶ್ಚಿತ್ತ ಮಾಡಿಕೊಳ್ಳೋಣವೇ ಅನಿಸಿತು.

ಕೊಳ್ಳಲಿಲ್ಲ. ಅದು ಬೀಟಲ್ ತಳದ್ದು, ಇಲ್ಲೇ ಹತ್ತಿರದ ಊರು ಡ್ರಿಪ್ಪಿಂಗ್ ಸ್ಪ್ರಿಂಗ್ಸ್‌ನಲ್ಲಿ ಇತ್ತು. ಎರಡನೇ ಸಲ ಹಲಗೆ ಒಯ್ದು ತೂಗಿದೆ. ನೂರರಲ್ಲಿ ಅರವತ್ತು ಪಾಲು ಭಾರ ಹಿಂದೆ! ನನಗೆ ಕುಣಿಯುವಂತಾಯಿತು. ಆಮೇಲೆ ಕೆಳಗೆ ತೂರಿ ಟಾರ್ಚ್ ಹಾಕಿ ನೋಡಿದರೆ ತಳದ ತಗಡು ತುಕ್ಕು ಹಿಡಿದು ಬೆರಳಿಗೇ ಪುಡಿಯಾಗುತ್ತಿತ್ತು.

ಉದ್ದ ಮೂಗಿನದ್ದನ್ನೂ ತೂಗಿದೆ. ಖಾಲಿ ಇದ್ದಾಗ ಹಿಂದೆ ನಲವತ್ತೆಂಟು ಪಾಲು, ಇಬ್ಬರು ಕೂತರೆ ಐವತ್ತನಾಲ್ಕು. ಓಡಿಸಲು ಬಹಳ ಸುಖ, ಆದರೆ ಕಲ್ಲಿಗೆ ಹೊಟ್ಟೆ ತಾಗುತ್ತದೆ. ಮೂರು ಚಕ್ರದ್ದರಲ್ಲಿ ಹಿಂದೆ ಇರುವುದು ಒಂದೇ ಚಕ್ರ. ಅದು ಗುಂಡಿಗೆ ಬಿದ್ದರೆ ಕಥೆ ಮುಗಿಯಿತು ಎಂದು ತಿಮ್ಮಯ್ಯ ಅಂಕಲ್ ಹೇಳಿದರು.

ನಿಮ್ಮ ಪ್ರಶ್ನೆಗಳಿಗೆ ಉತ್ತರ: ಗಾಳಿ ಎಷ್ಟಿರಬೇಕೆಂದು ಪ್ರತಿ ಗುಡ್ಡದ ಬುಡದಲ್ಲಿ ಕ್ಲಬ್ಬಿನವರೇ ಹೇಳುತ್ತಾರೆ. ಬೀಟಲ್ ತಳದ್ದರಲ್ಲಿ ಸೀಟು ಅಚ್ಚಿಗೆ ಒಂದು ಮೊಳ ದೂರ. ಬೆಲ್ಟ್ ಕಟ್ಟಿಯೇ ಕುಪ್ಪಳಿಸಬೇಕು. ಅಜ್ಜಿಯ ತೂಕ ಕೇಳುವ ಧೈರ್ಯ ನನಗೆ ಬರಲಿಲ್ಲ.

ಈಗ ಇನ್ನೊಂದು ಸಿಕ್ಕಿದೆ. ಬೀಟಲ್ ತಳದ್ದೇ, ಅರ್ಧ ಜೋಡಿಸಿದ್ದು. ಕಟ್ಟುತ್ತಿದ್ದವರ ಭುಜ ನೋವಾಗಿ ಕೈಬಿಟ್ಟಿದ್ದಾರೆ. ನನ್ನ ಕೈಗೆಟುಕುವ ಬೆಲೆ. ಆದರೆ ಅದು ಇರುವುದು ಡಲ್ಲಾಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿ, ಅಮರ್ ಮನೆಯಿಂದ ಹತ್ತು ನಿಮಿಷ. ಎಲ್ಲಿ ಎದುರಾಗುತ್ತಾನೋ ಎಂದು ಹೆದರಿ ನಾನು ಹೋಗುತ್ತಿಲ್ಲ. ನಮ್ಮಿಬ್ಬರಲ್ಲಿ ಯಾರೂ ಕೆಟ್ಟವರಾಗಿರಲಿಲ್ಲ ಮಾವ, ಆದರೂ ಒಂದೇ ಮನೆಯಲ್ಲಿ ಇಬ್ಬರಿಗೂ ಉಸಿರು ಕಟ್ಟುತ್ತಿತ್ತು. ಈಗಲೂ ಅವನ ಬೀದಿಯ ಹೆಸರು ಕೇಳಿದರೆ ನನಗೆ ಹಾಗಾಗುತ್ತದೆ.

ನಿವೇದಿತಾ


ಹ್ಯೂಸ್ಟನ್
ನವೆಂಬರ್ 11, 2024

ಚಿ. ನಿವೇದಿತಾಳಿಗೆ ಆಶೀರ್ವಾದಗಳು.

ಆ ಕಾರು ನೋಡಿ ಬಂದೆ. ದೀಪಾವಳಿಗೆ ಹೇಗೂ ಅಮರ್ ಮನೆಗೆ ಹೋಗಿದ್ದೆವು. ಅವನೇ ಕರೆದುಕೊಂಡು ಹೋದ.

ಮೊದಲು ಒಳ್ಳೆಯ ಸುದ್ದಿ. ತಳ ಗಟ್ಟಿಯಾಗಿದೆ. ಅಮರ್ ಹೊಸ ಅಂಗಿ ಹಾಕಿಕೊಂಡೇ ಅದರ ಕೆಳಗೆ ಮಲಗಿ, ಸುತ್ತಿಗೆಯಿಂದ ಅಡಿಗಡಿಗೂ ತಟ್ಟಿ ನೋಡಿದ. ಎಲ್ಲ ಕಡೆ ಠಣ್ ಎಂದೇ ಸದ್ದು. ಎಂಜಿನ್ ತಿರುಗುತ್ತದೆ. ಮೂಲ ಬೀಟಲ್‌ನ ಟೈಟಲ್, ಅಂದರೆ ಒಡೆತನದ ಕಾಗದವೂ ಇದೆ, ರಸ್ತೆಗೆ ಇಳಿಸಲು ತೊಂದರೆಯಿಲ್ಲ. ಬ್ರೇಕ್ ಪೈಪು ಪೂರಾ ಹೊಸದಾಗಿ ಹಾಕಬೇಕು, ವೈರಿಂಗ್ ಮಾಡಿದವನಿಗೆ ಕೈ ಮುಗಿಯಬೇಕು, ಅಷ್ಟು ಗೋಜಲು. ಆದರೂ ನೀನು ಕೊಳ್ಳಬೇಕಾದದ್ದು ಇದನ್ನೇ.

ಕೆಟ್ಟ ಸುದ್ದಿ ನನ್ನದು. ಕೆಳಗಿನಿಂದಲೇ ಅಮರ್ ಕೇಳಿದ, “ಅಪ್ಪಾ, ಇದು ಯಾರಿಗೆ?” ನಾನು “ನನಗ” ಅಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಅವನು ಹೊರಗೆ ಬಂದು ನನ್ನ ಮುಖ ನೋಡಿ ಎಷ್ಟು ನಕ್ಕ ಎಂದರೆ, ಎರಡು ವರ್ಷದಲ್ಲಿ ಅವನು ಹಾಗೆ ನಕ್ಕಿದ್ದನ್ನು ನಾನು ಕಂಡಿಲ್ಲ. “ರಿಟೈರ್ ಆದಮ್ಯಾಲೆ ಚೊಲೋ ಹುಚ್ಚು ಹಿಡದೈತಿ ನಿಮಗ. ವೀಕೆಂಡ್ ನಾನು ಹ್ಯೂಸ್ಟನ್‌ಗೆ ಬರ್ತೀನಿ, ಇಬ್ಬರೂ ಕೂಡಿ ಕಟ್ಟೂಣು” ಅಂದ.

ನಿನ್ನ ಅತ್ತೆ ಪಕ್ಕದಲ್ಲೇ ನಿಂತಿದ್ದಳು. ಏನೂ ಅನ್ನಲಿಲ್ಲ. ಕಾರಿನಲ್ಲಿ ಹ್ಯೂಸ್ಟನ್ ಮುಟ್ಟುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು.

ಅರವತ್ತೆಂಟು ವರ್ಷಕ್ಕೆ ಮಗನ ಮುಂದೆ ಸುಳ್ಳು ಹೇಳಿದೆ. ಈಗ ಏನು ಮಾಡುವುದೋ ತಿಳಿಯುತ್ತಿಲ್ಲ. ಸದ್ಯಕ್ಕೆ ನನ್ನ ಹೆಸರಿನಲ್ಲೇ ಕೊಂಡು, ಆಮೇಲೆ ಹೇಗಾದರೂ ನಿನಗೆ ತಲುಪಿಸಲೇ?

ಸಿದ್ಧಾರೂಢ


ಆಸ್ಟಿನ್
ನವೆಂಬರ್ 16, 2024

ಮಾವನವರಿಗೆ,

ಬೇಡ.

ನನಗೆ ಆ ಕಾರು ಎಷ್ಟು ಬೇಕು ಎಂದು ನಿಮಗೆ ಗೊತ್ತು. ಆದರೂ ಬೇಡ. ಅಮರ್ ನಕ್ಕಿದ್ದು ತಂದೆಯ ಜೊತೆ ಕಾರು ಕಟ್ಟುವ ಆಸೆಗೆ. ಆ ಆಸೆ ಹುಟ್ಟಿಸಿ ಬೆನ್ನ ಹಿಂದೆ ನನಗೆ ಕಾರು ಕೊಟ್ಟರೆ, ಅವನಿಗೆ ನಾನು ಮಾಡುವ ಎರಡನೇ ಅನ್ಯಾಯ ಅದು.

ಇನ್ನೊಂದು ಮಾತು, ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ನಾನು ಬಚ್ಚಿಡಬೇಕಾದ ವಸ್ತುವಾಗಿ ಇರಲಾರೆ. ನಾನು ನಿಮಗೆ ಏನಾದರೂ ಆಗಬೇಕು, ಇಲ್ಲವೇ ಏನೂ ಆಗಬಾರದು. ನೀವು ಅವನಿಗೆ ಹೇಳಿದರೆ ನನಗೆ ಬರೆಯಿರಿ. ಹೇಳಲಾಗದಿದ್ದರೆ ನನಗೆ ತಿಳಿಯುತ್ತದೆ, ಬರೆಯಬೇಡಿ. ಕಾರಿಲ್ಲದಿದ್ದರೂ ನಡೆಯುತ್ತದೆ, ನಾನು ಧ್ವಜ ಹಿಡಿದುಕೊಂಡೇ ನಿಲ್ಲುತ್ತೇನೆ.

ನಿವೇದಿತಾ


ಹ್ಯೂಸ್ಟನ್
ಜನವರಿ 17, 2025

ಚಿ. ನಿವೇದಿತಾಳಿಗೆ ಆಶೀರ್ವಾದಗಳು.

ಹೇಳಿದೆ. ಎರಡು ತಿಂಗಳು ಬೇಕಾಯಿತು, ಅಷ್ಟು ಹೇಡಿ ನಾನು.

ಸಂಕ್ರಾಂತಿಗೆ ಅಮರ್ ಬಂದಿದ್ದ. ನಿನ್ನ ಅತ್ತೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಎಲ್ಲ ಬಡಿಸಿದ್ದಳು. ಕಾರು ಯಾವಾಗ ತರೂಣು ಎಂದು ಅವನೇ ಮಾತು ತೆಗೆದ. ಕಾರು ನನಗಲ್ಲ, ನಿವೇದಿತಾಳಿಗೆ, ಸೆಪ್ಟೆಂಬರಿನಿಂದ ಕಾಗದ ಬರೆದುಕೊಳ್ಳುತ್ತಿದ್ದೇವೆ ಎಂದೆ. ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ.

“ನಿಮ್ಮ ಮಗ ಯಾರ್ರಿ ಅಪ್ಪಾ, ನಾನೋ ಆಕಿನೋ?”

“ನೀನ. ಆದರ ಆಕಿನ್ನ ಬಿಡು ಅಂದ್ರ ನನ್ನ ಕಡಿಂದ ಆಗೂದಿಲ್ಲ.”

“ಏನರ ಮಾಡ್ರಿ. ನನಗ ಹೇಳಬ್ಯಾಡ್ರಿ” ಅಂದು ಎದ್ದ. ಮಧ್ಯಾಹ್ನವೇ ಡಲ್ಲಾಸಿಗೆ ಹೊರಟ. ಹಬ್ಬದ ಅಡುಗೆ ಹಾಗೇ ಉಳಿಯಿತು. ಮೊದಲೇ ಹೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ. ನನ್ನ ತಪ್ಪಿಗೆ ಅವನು ಊಟ ಬಿಟ್ಟ, ಅದು ನನಗೆ ಸಹಿಸಲಾಗುತ್ತಿಲ್ಲ. ನಿನ್ನ ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಕಾರು ಇನ್ನೂ ಮಾರಾಟವಾಗಿಲ್ಲ, ವಿಚಾರಿಸಿದೆ. ನೀನೇ ಹೋಗು, ನಿನ್ನ ಹೆಸರಿನಲ್ಲೇ ಕೊಳ್ಳು. ಬ್ರೇಕ್ ಪೈಪಿಗೆ ತಾಮ್ರ ಬೆರೆತದ್ದು ತೆಗೆದುಕೋ, ಬಗ್ಗಿಸಲು ಸುಲಭ. ವೈರಿಂಗ್ ಪೂರಾ ಕಿತ್ತು ಹಾಕು, ಹೊಸ ನಕ್ಷೆ ನಾನು ಬರೆದು ಕಳಿಸುತ್ತೇನೆ. ಇನ್ನು ನಮ್ಮ ನಡುವೆ ಮುಚ್ಚುಮರೆಯಿಲ್ಲ.

ಸಿದ್ಧಾರೂಢ


ಆಸ್ಟಿನ್
ಫೆಬ್ರವರಿ 20, 2025

ಮಾವನವರಿಗೆ ನಮಸ್ಕಾರಗಳು.

ಧೈರ್ಯ ಮಾಡಿ ನಾನೇ ಹೋಗಿ ತಂದೆ. ಕಾರು ಈಗ ನನ್ನ ಅಪಾರ್ಟ್‌ಮೆಂಟಿನ ಬಾಡಿಗೆ ಗ್ಯಾರೇಜಿನಲ್ಲಿದೆ. ಇದುವರೆಗೆ ಎರಡು ಸಲ ಸ್ಟಾರ್ಟ್ ಆಗಿದೆ, ಒಂದು ಸಲ ಹೊಗೆ ಬಂದಿದೆ. ನಿಮ್ಮ ವೈರಿಂಗ್ ನಕ್ಷೆಯನ್ನು ಗೋಡೆಗೆ ಅಂಟಿಸಿದ್ದೇನೆ. ಹಾರ್ನ್ ಒತ್ತಿದರೆ ಎಡಗಡೆಯ ದೀಪ ಹತ್ತುತ್ತದೆ, ಅದು ನನ್ನ ತಪ್ಪು, ನಕ್ಷೆಯದ್ದಲ್ಲ.

ನೀವು ಅಮರ್‌ಗೆ ಹೇಳಿದ್ದನ್ನು ಓದಿ ಅಳು ಬಂತು. ಅವನು ಊಟ ಬಿಟ್ಟು ಎದ್ದದ್ದಕ್ಕೂ ಅಳು ಬಂತು. ಅದನ್ನು ನಾನು ಸರಿಮಾಡಲಾರೆ.

ಟ್ರಯಲ್ ಮಾರ್ಚ್ 22ಕ್ಕೆ, ಆಸ್ಟಿನ್ನಿನಿಂದ ಪಶ್ಚಿಮಕ್ಕೆ ಒಂದು ಗಂಟೆ ದೂರದ, ದನ ಮೇಯಿಸುವ ರ‍್ಯಾಂಚಿನಲ್ಲಿ. ಎಂಟು ಗುಡ್ಡ. ಪಕ್ಕದ ಸೀಟಿಗೆ ಒಬ್ಬರು ಬೇಕು. ಆಫೀಸಿನಲ್ಲಿ ಯಾರನ್ನು ಕೇಳಿದರೂ ಓಡಿಸುವುದಾದರೆ ಬರುತ್ತೇನೆ, ಕುಪ್ಪಳಿಸಲು ಬರಲ್ಲ ಎನ್ನುತ್ತಾರೆ. ಮಾವ, ನಿಮ್ಮ ತೂಕ ಎಷ್ಟು? ಡಾಕ್ಟರು ಏನೆನ್ನುತ್ತಾರೆ ಕೇಳಿ, ಆಮೇಲೆ ಉತ್ತರಿಸಿ.

ನಿವೇದಿತಾ


ಹ್ಯೂಸ್ಟನ್
ಮಾರ್ಚ್ 3, 2025

ಚಿ. ನಿವೇದಿತಾಳಿಗೆ ಆಶೀರ್ವಾದಗಳು.

ನೂರ ತೊಂಬತ್ತೆರಡು ಪೌಂಡ್, ಬೂಟು ಸೇರಿ. ಬದುಕಿನಲ್ಲಿ ಮೊದಲ ಸಲ ಈ ಹೊಟ್ಟೆಯಿಂದ ಯಾರಿಗಾದರೂ ಪ್ರಯೋಜನವಾಗುವ ಕಾಲ ಬಂದಿದೆ. ಡಾಕ್ಟರು ಹೃದಯ ಸರಿಯಿದೆ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಳ್ಳಿ ಎಂದರು. ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಕೇಳಿದರು, ವಿವರಿಸಿದೆ, ಇನ್ನೊಮ್ಮೆ ಬಿ.ಪಿ. ನೋಡಿದರು.

ನಿನ್ನ ಅತ್ತೆಯೂ ಬರುತ್ತಾಳಂತೆ. “ಮೊಣಕಾಲು ಮುರದ್ರ ಹೊತ್ತು ತರಾಕ ಯಾರರ ಬೇಕಲ್ಲ” ಅಂದಳು. ಆರು ವಾರದಲ್ಲಿ ನನ್ನ ಜೊತೆ ಆಡಿದ ಮೊದಲ ಉದ್ದನೆಯ ಮಾತು ಅದು. ನಿನ್ನ ಜೊತೆ ಮಾತಾಡುತ್ತಾಳೆ ಎಂದು ನಾನು ಹೇಳಲಾರೆ. ನೀನೂ ನಿರೀಕ್ಷೆ ಇಟ್ಟುಕೊಳ್ಳಬೇಡ.

ಸಿದ್ಧಾರೂಢ


ಆಸ್ಟಿನ್
ಮಾರ್ಚ್ 30, 2025

ಮಾವನವರಿಗೆ ನಮಸ್ಕಾರಗಳು.

ಚಕ್ರದ ಕೆಳಗೆ ತಾನಿಟ್ಟ ನಿಂಬೆಹಣ್ಣಿನಿಂದಲೇ ನಾವು ಸೋತೆವು ಎಂದು ಅತ್ತೆಯವರು ಇನ್ನೂ ಕೊರಗುತ್ತಿದ್ದಾರೆ ಎಂದು ನಿಮಗೆ ಫೋನ್ ಮಾಡಿದ್ದ ತಿಮ್ಮಯ್ಯ ಅಂಕಲ್ ಹೇಳಿದರು. ಈ ಕಾಗದವನ್ನು ದಯವಿಟ್ಟು ಅವರಿಗೆ ಓದಿ ಹೇಳಿ.

ಮೊದಲ ಗುಡ್ಡದ ಬುಡದಲ್ಲಿ ಅವರು ನಾಲ್ಕು ಚಕ್ರಕ್ಕೂ ಹಣ್ಣು ಇಟ್ಟು “ಗಾಡಿ ಬಿಡು” ಎಂದದ್ದು ಸರಿಯೇ. ಹೊಸ ಗಾಡಿಗೆ ಪೂಜೆ ಇಲ್ಲದೆ ಹೇಗೆ? ಶುರುವಿನ ಗೆರೆ ದಾಟಿದ ಮೇಲೆ ನಿಲ್ಲಬಾರದು ಎಂಬ ನಿಯಮ ಗೊತ್ತಿದ್ದವಳು ನಾನು. ನೇರ ಗುಡ್ಡ ಹತ್ತಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಹಣ್ಣು ಚಿಟ್ಟೆಂದ ಕೂಡಲೇ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಮೈಸೂರಿನಲ್ಲಿ ನಮ್ಮಪ್ಪ ಸ್ಕೂಟರ್ ತಂದ ದಿನದಿಂದಲೂ ಹಾಗೆಯೇ ಅಲ್ಲವೇ, ಹಣ್ಣು ಒಡೆಯಬೇಕು, ನಿಲ್ಲಿಸಬೇಕು, ಇಳಿದು ಕೈ ಮುಗಿಯಬೇಕು. ನಾನು ಇಳಿದೇಬಿಟ್ಟೆ! ಮುಂದಿನ ಚಕ್ರ ಗೆರೆ ದಾಟಿ ಎರಡು ಅಡಿ ಹೋಗಿತ್ತು. ಅಲ್ಲಿ ಅಂಕ ಹಾಕುತ್ತಿದ್ದ ಅಜ್ಜ ಕೌಬಾಯ್ ಹ್ಯಾಟ್ ತೆಗೆದು, ಬಹಳ ಮರ್ಯಾದೆಯಿಂದ ಸೊನ್ನೆ ಬರೆದರು. ತಪ್ಪು ಪೂರ್ತಿ ನನ್ನದು.

ಐದನೇ ಗುಡ್ಡದಲ್ಲಿ ನೀವು ಕಣ್ಣು ಮುಚ್ಚಿಕೊಂಡಿದ್ದಿರಿ, ನಾನು ನೋಡಿದೆ. ಆದ್ದರಿಂದ ಏನಾಯಿತು ಎಂದು ಹೇಳುತ್ತೇನೆ. ಸೀಡರ್ ಮರದ ಬೇರಿನ ಹತ್ತಿರ ಹಿಂದಿನ ಚಕ್ರ ಜಾರಿತು. ಕಾರು ನಿಂತೇಹೋಯಿತು ಎನ್ನುವಷ್ಟರಲ್ಲಿ ನೀವು “ಹತ್ತ ಯವ್ವಾ, ಹತ್ತ” ಎಂದು ಕೂಗುತ್ತ ಕುಪ್ಪಳಿಸತೊಡಗಿದಿರಿ. ಟೈರು ಸುಣ್ಣದ ಕಲ್ಲನ್ನು ಕಚ್ಚಿದ್ದು ನನ್ನ ಬೆನ್ನಿಗೇ ಗೊತ್ತಾಯಿತು. ಅಷ್ಟು ಹೊತ್ತೂ ಯಾರೋ ಕಿರುಚುತ್ತಿದ್ದರು. ಯಾರೆಂದು ನೋಡಿದರೆ ಅತ್ತೆಯವರು, ಸೀರೆ ಎತ್ತಿ ಸಿಕ್ಕಿಸಿಕೊಂಡು ಪಕ್ಕದ ಹಾದಿಯಲ್ಲಿ ಓಡಿ ಹತ್ತುತ್ತಿದ್ದರು. ಮೇಲೆ ಮುಟ್ಟಿದಾಗ ನಾನು ಅಷ್ಟು ಸಂತೋಷಪಟ್ಟದ್ದು ಎಷ್ಟೋ ವರ್ಷಗಳ ಮೇಲೆ.

ಎಂಟರಲ್ಲಿ ಮೂರು ಹತ್ತಿದೆವು. ಹತ್ತೊಂಬತ್ತು ಕಾರಿನಲ್ಲಿ ನಮ್ಮದು ಹದಿನೇಳನೆಯದು.

ಒಂದು ಕುತೂಹಲ. ತಿಮ್ಮಯ್ಯ ಅಂಕಲ್ ನಮ್ಮ ಎಂಟ್ರಿ ಫಾರಂನ ಪ್ರತಿ ಕಳಿಸಿದ್ದಾರೆ. ಪಕ್ಕದ ಸೀಟಿನವರು ಓಡಿಸುವವರಿಗೆ ಏನಾಗಬೇಕು ಎಂಬ ಕಡೆ ಏನೋ ಬರೆದು, ಹೊಡೆದುಹಾಕಿ, ಮೇಲೆ ಮತ್ತೇನೋ ಬರೆದಿದೆ. ಸ್ಕ್ಯಾನ್ ಮಸುಕಾಗಿದೆ, ಓದಲಾಗುತ್ತಿಲ್ಲ. ಕೇಳಿದರೆ ಅವರು ನಿಮ್ಮನ್ನೇ ಕೇಳು ಎನ್ನುತ್ತಾರೆ. ಏನದು?

ಅತ್ತೆಯವರು ಆ ದಿನ ನನ್ನೊಡನೆ ಆಡಿದ್ದು “ಗಾಡಿ ಬಿಡು” ಎಂಬ ಒಂದೇ ಮಾತು. ನನಗೆ ಅದೇ ಸಾಕು ಎಂದು ಹೇಳಿ.

ನಿವೇದಿತಾ


ಹ್ಯೂಸ್ಟನ್
ಏಪ್ರಿಲ್ 7, 2025

ಚಿ. ನಿವೇದಿತಾಳಿಗೆ ಆಶೀರ್ವಾದಗಳು.

ಕಾಗದ ಓದಿ ಹೇಳಿದೆ. ನಿಂಬೆಹಣ್ಣಿನ ಭಾಗವನ್ನು ಎರಡು ಸಲ ಓದಿಸಿಕೊಂಡಳು. ಸೀರೆ ಸಿಕ್ಕಿಸಿಕೊಂಡು ಓಡಿದ್ದು ಸುಳ್ಳಂತೆ. ನನ್ನ ಮೊಣಕಾಲು ಇನ್ನೂ ನೋಯುತ್ತಿದೆ, ಅದರ ಬಗ್ಗೆ ಯಾರೂ ಕೇಳುತ್ತಿಲ್ಲ.

ನಿನ್ನೆ ಭಾನುವಾರ ಅಮರ್ ಅವ್ವನಿಗೆ ಫೋನ್ ಮಾಡಿದ್ದ. ಅದೂ ಇದೂ ಮಾತಾಡಿ ಕೊನೆಗೆ, “ಆ ಗಾಡಿ ಹತ್ತತೇನು?” ಎಂದು ಕೇಳಿದನಂತೆ. ಮೂರು ಗುಡ್ಡ ಹತ್ತಿತು ಎಂದಳು. ಅವನಿಗೆ ನನ್ನೊಡನೆ ಇನ್ನೂ ಮಾತಿಲ್ಲ. ಕಾಯುತ್ತೇನೆ.

ಇನ್ನು ನೀನು ಕೇಳಿದ್ದು. ಆ ಬೆಳಿಗ್ಗೆ ನೀನು ಟೈರಿನ ಗಾಳಿ ನೋಡಲು ಹೋಗಿದ್ದೆ. ನಾನು ಫಾರಂ ತುಂಬುತ್ತಿದ್ದೆ. ಹೆಸರು, ವಯಸ್ಸು, ರಕ್ತದ ಗುಂಪು ಎಲ್ಲ ಬರೆದು, ಏನಾಗಬೇಕು ಎಂಬ ಕಡೆ ಪೆನ್ನು ನಿಂತಿತು. ಸುಳ್ಳು ಬರೆಯುವುದಿಲ್ಲ ಎಂದು ಸಂಕ್ರಾಂತಿಯ ದಿನವೇ ನಿಶ್ಚಯ ಮಾಡಿಕೊಂಡಿದ್ದೆ. ಬಹಳ ಹೊತ್ತು ನೋಡಿ ಫ್ರೆಂಡ್ ಎಂದು ಬರೆದೆ. ನಿನ್ನ ಅತ್ತೆ ಹಿಂದಿನಿಂದ ಬಗ್ಗಿ ನೋಡಿದಳು.

“ಯಾರ ಫ್ರೆಂಡ್ರಿ? ಕೊಡ್ರಿ ಇಲ್ಲೆ” ಎಂದು ಪೆನ್ನು ಕಸಿದುಕೊಂಡು, ಅದನ್ನು ಹೊಡೆದುಹಾಕಿ, ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಮಾವ ಎಂದು ಬರೆದಳು.

ತಿಮ್ಮಯ್ಯನವರಿಗೆ ನಿನ್ನ, ಅಮರ್ ವಿಷಯ ಗೊತ್ತಲ್ಲ, ಮುಜುಗರಪಟ್ಟುಕೊಂಡು ಹೇಳಿದರು, “ಅಮ್ಮಾ, ಇದು ಇನ್ಶೂರೆನ್ಸಿಗೂ ಹೋಗೋ ಫಾರಂ. ಅವರದ್ದು ಕೋರ್ಟಲ್ಲಿ ಮುಗಿದಿದೆ ಅಲ್ವಾ?”

ಅವಳು ಪೆನ್ನಿನ ಮುಚ್ಚಳ ಹಾಕಿ ಫಾರಂ ಅವರ ಮುಂದೆ ತಳ್ಳಿದಳು.

“ಕೋರ್ಟಿನ್ಯಾಗ ಸಹಿ ಮಾಡಿದವರು ಅವರಿಬ್ಬರು. ನಾವೇನು ಸಹಿ ಮಾಡಿಲ್ಲ.”

ಸಿದ್ಧಾರೂಢ